ಎಂಟು ನಲವತ್ತೆರಡರ ಬೈನಾಕ್ಯುಲರ್: ಆಯುಧಪೂಜೆಯಿಂದ ಕಾರ್ತಿಕದವರೆಗೆ

ಮೊದಲೇ ಹೇಳಿಬಿಡುತ್ತೇನೆ, ಇದು 9,400 ರೂಪಾಯಿಯ ಬೈನಾಕ್ಯುಲರ್. ಆನ್‌ಲೈನ್‌ನಲ್ಲಿ ತರಿಸಿದ್ದು. ಕಂಪನಿ ಹೆಸರು ಹಾಕುತ್ತಿಲ್ಲ. ಮಾರಿದವರ ಜೊತೆ ಒಂದು ಸಣ್ಣ ಜಗಳ ಆಗಿದೆ, ಅದನ್ನೂ ಬರೆಯಬೇಕಲ್ವಾ, ಹಾಗಾಗಿ. ಹೆಸರು ಗೊತ್ತಾಗದಿದ್ದರೆ ನಿಮಗೇನೂ ನಷ್ಟ ಇಲ್ಲ. ಮೈಮೇಲೆ 8×42 ಅಂತ ಬರೆದಿರುವ, ಎಂಟರಿಂದ ಹನ್ನೆರಡು ಸಾವಿರದೊಳಗಿನ ಯಾವುದನ್ನು ತಗೊಂಡರೂ ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ಅದಕ್ಕೂ ಹೊಂದುತ್ತದೆ.

ಮನೆ ಬೆಂಗಳೂರಿನ ವಿದ್ಯಾರಣ್ಯಪುರದಲ್ಲಿ. ವಯಸ್ಸು ನಲವತ್ತಾರು, ಕನ್ನಡಕ ಇದೆ. ಇವೆರಡನ್ನೂ ಯಾಕೆ ಹೇಳಿದೆ ಅಂತ ಆಮೇಲೆ ಗೊತ್ತಾಗುತ್ತದೆ.

ಹುಚ್ಚು ಶುರುವಾಗಿದ್ದು ಟೆರೇಸ್ ಮೇಲೆ. ಸೆಪ್ಟೆಂಬರ್‌ನಲ್ಲಿ ಒಂದು ಬೆಳಿಗ್ಗೆ ನೀರಿನ ಟ್ಯಾಂಕ್ ತುಂಬಿ ಹರಿದಿತ್ತು, ಮೋಟಾರ್ ಆಫ್ ಮಾಡೋಕೆ ಓಡಿ ಹೋದರೆ ಆ ನೀರಲ್ಲಿ ಒಂದು ಸಪೂರ ಹಕ್ಕಿ ಬಾಲ ಕುಣಿಸುತ್ತಾ ಓಡಾಡುತ್ತಿತ್ತು. ಬೆನ್ನು ಬೂದು, ಬಾಲದ ಕೆಳಗೆ ನಿಂಬೆಹಣ್ಣಿನ ಹಳದಿ. ಬೂದು ಸಿಪಿಲೆ. ಮಲೆನಾಡಿನ ನಮ್ಮಜ್ಜಿ ಇಂಥದ್ದಕ್ಕೆಲ್ಲ ಕುಂಡೆಕುಸ್ಕ ಅನ್ನುತ್ತಿದ್ದರು, ಆ ಹೆಸರು ಕೇಳಿದರೆ ನನ್ನ ಮಗಳಿಗೆ ಈಗಲೂ ನಗು. ಹಿಮಾಲಯದ ತೊರೆಗಳ ಕಲ್ಲಿನ ಮೇಲೆ ಬೇಸಿಗೆ ಕಳೆಯುವ ಹಕ್ಕಿ, ಚಳಿಗಾಲಕ್ಕೆ ಇಳಿದು ಬಂದು ನಮ್ಮ ಮನೆಯ ಓವರ್‌ಫ್ಲೋ ಪೈಪನ್ನೇ ತೊರೆ ಅಂದುಕೊಂಡಿದೆ. ಹತ್ತಿರದಿಂದ ನೋಡೋಣ ಅಂತ ಹಳೇ ಬೈನಾಕ್ಯುಲರ್ ತಂದೆ. ಫೋಕಸ್ ಸಿಗೋ ಹೊತ್ತಿಗೆ ಅದು ಪಕ್ಕದ ಮನೆಯ ಸಜ್ಜೆ ಮೇಲಿತ್ತು.

ಆ ಹಳೇದರ ಕಥೆ ಎರಡು ಮಾತಲ್ಲಿ. 20×50. ಎಸ್‌ಪಿ ರೋಡ್ ಕಡೆಯ ಒಂದು ಅಂಗಡಿಯಲ್ಲಿ 1,200 ರೂಪಾಯಿಗೆ ತಗೊಂಡಿದ್ದೆ. "ಚಂದ್ರನ ಮೇಲಿರೋ ಗುಂಡಿ ಕಾಣುತ್ತೆ ಸಾರ್" ಅಂದಿದ್ದ. ಕಂಡಿತು, ಸುಳ್ಳಲ್ಲ. ಆದರೆ ಚಂದ್ರ ಕೊಂಬೆಯಿಂದ ಕೊಂಬೆಗೆ ಹಾರುವುದಿಲ್ಲ. ಇಪ್ಪತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ ಅಂದರೆ ನಿಮ್ಮ ಕೈನಡುಕವೂ ಇಪ್ಪತ್ತು ಪಟ್ಟು ಕಾಣುತ್ತದೆ. ಉಸಿರು ಬಿಟ್ಟರೆ ಹಕ್ಕಿ ಕುಣಿಯುತ್ತದೆ. ಜೊತೆಗೆ, ಅದರಲ್ಲಿ ಕಾಣುವ ಜಾಗ ಒಂದು ಕೊಳವೆಯಷ್ಟು ಚಿಕ್ಕದು. ಹಕ್ಕಿ ಇರುವ ಮರ ಸಿಗಬೇಕಾದರೇ ಅರ್ಧ ನಿಮಿಷ ಬೇಕು.

ಹಾಗಾಗಿ ಎಂಟು. ಮೊದಲ ನಂಬರ್ ಎಷ್ಟು ಪಟ್ಟು ಅಂತ, ಎರಡನೆಯದು ಮುಂದಿನ ಗಾಜಿನ ಅಗಲ ಮಿಲಿಮೀಟರ್‌ನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ ನೋಡಿ. ಇದರಲ್ಲಿ 5.25 ಬರುತ್ತದೆ, ಹಳೇದರಲ್ಲಿ 2.5. ಕಣ್ಣಿಗೆ ಬಂದು ಬೀಳುವ ಬೆಳಕಿನ ಬಿಲ್ಲೆಯ ಅಗಲ ಅದು. ಕತ್ತಲಲ್ಲಿ ಹುಡುಗರ ಕಣ್ಣಿನ ಪಾಪೆ 7 ಮಿಲಿಮೀಟರ್ ತನಕ ತೆರೆದುಕೊಳ್ಳಬಹುದು, ನನ್ನ ವಯಸ್ಸಿಗೆ 5ರ ಆಸುಪಾಸು. ಅಂದರೆ ಇದಕ್ಕಿಂತ ಜಾಸ್ತಿ ಬೆಳಕು ಕೊಟ್ಟರೂ ನನ್ನ ಕಣ್ಣು ತಗೊಳ್ಳುವುದಿಲ್ಲ, ಕಮ್ಮಿ ಕೊಟ್ಟರೆ ಮುಂಜಾವಿನಲ್ಲಿ ಎಲ್ಲ ಮಸುಕು. ಹಕ್ಕಿ ನೋಡುವವರಿಗೆ ಬೇಕಾಗಿರುವುದೇ ಮುಂಜಾವು.

ಈಗ ಜಗಳ. ಮೊದಲು ಬಂದ ಪೀಸ್‌ನಲ್ಲಿ ಎರಡು ಕೊಳವೆ ಒಂದೇ ಕಡೆ ನೋಡುತ್ತಿರಲಿಲ್ಲ. ಹತ್ತು ನಿಮಿಷ ನೋಡಿದರೆ ಹಣೆ ನೋವು. ನನ್ನ ಕಣ್ಣಿನದೇ ತೊಂದರೆ ಅಂದುಕೊಂಡು ಎರಡು ದಿನ ಸುಮ್ನೆ ಇದ್ದೆ. ಆಮೇಲೆ ದೂರದ ಕರೆಂಟ್ ತಂತಿ ನೋಡಿದೆ. ಒಂದು ತಂತಿ ಎರಡಾಗಿ ಕಂಡಿತು, ಒಂದರ ಮೇಲೊಂದು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ, "ಸರ್, ಡಬಲ್ ಕಾಣೋದನ್ನ ವಿಡಿಯೋ ಮಾಡಿ ಕಳಿಸಿ" ಅಂದರು. ಸ್ವಲ್ಪ ಯೋಚಿಸಿ ನೋಡಿ. ಮೊಬೈಲ್‌ಗೆ ಇರುವುದು ಒಂದು ಕಣ್ಣು. ಅದನ್ನು ಯಾವ ಕೊಳವೆಗೆ ಇಟ್ಟರೂ ಒಂದೇ ತಂತಿ, ಸ್ವಚ್ಛವಾಗಿ. "ವಿಡಿಯೋದಲ್ಲಿ ಸರಿಯಾಗೇ ಇದೆಯಲ್ಲ ಸರ್?" ನಾಲ್ಕು ಜನರಿಗೆ ನಾಲ್ಕು ಸಲ ಅದೇ ಪುರಾಣ ಹೇಳಿ, ಕೊನೆಗೆ ಹನ್ನೊಂದು ದಿನದ ಮೇಲೆ ಬೇರೆ ಪೀಸ್ ಬಂತು. ನೀವು ಯಾವುದೇ ಕಂಪನಿಯದು ತಗೊಂಡರೂ ಡಬ್ಬಿ ಬಿಚ್ಚಿದ ಕೂಡಲೇ ತಂತಿ ನೋಡಿ. ವಾಪಸ್ ಕಳಿಸುವ ದಿನಗಳು ಮುಗಿದ ಮೇಲೆ ನೋಡಿ ಪ್ರಯೋಜನ ಇಲ್ಲ.

ಎರಡನೆಯದು ಬಂದಿದ್ದು ಆಯುಧಪೂಜೆ ಹಿಂದಿನ ದಿನ. ಅಮ್ಮ ಬಿಡುತ್ತಾರಾ? ಕಾರು, ಮಿಕ್ಸಿ, ಈಳಿಗೆಮಣೆ, ಲ್ಯಾಪ್‌ಟಾಪ್ ಜೊತೆ ಅದನ್ನೂ ಇಟ್ಟು ಗಂಧ, ಕುಂಕುಮ ಹಚ್ಚಿದರು, ನೇರ ಗಾಜಿಗೇ. ನಾನು ನೋಡಿದಾಗ ಗಂಧ ಒಣಗಿ ಬಿರುಕು ಬಿಟ್ಟಿತ್ತು. ಪಂಚೆ ತುದಿಯಲ್ಲಿ ಒರೆಸೋಕೆ ಹೋಗಿ ತಡೆದೆ, ಅದೃಷ್ಟ. ಒಣಗಿದ್ದನ್ನು ಹಾಗೇ ತಿಕ್ಕಿದರೆ ಗಾಜಿನ ಮೇಲಿನ ಲೇಪನಕ್ಕೆ ಗೀರು ಬೀಳುತ್ತದೆ. ಮೊದಲು ಗಾಳಿ ಊದುವ ರಬ್ಬರ್ ಬಲ್ಬು, ಆಮೇಲೆ ಮೆತ್ತನೆ ಬ್ರಷ್ಷು, ಉಳಿದಿದ್ದಕ್ಕೆ ಲೆನ್ಸ್ ದ್ರಾವಣ ಹಾಕಿದ ಬಟ್ಟೆ. ಮುಕ್ಕಾಲು ಗಂಟೆ ಹಿಡಿಯಿತು. ಕುಂಕುಮದ ಕೆಂಪು ಗಾಜಿನ ಅಂಚಿನ ಸಂದಿಯಲ್ಲಿ ಈಗಲೂ ಒಂಚೂರು ಇದೆ, ಇರಲಿ ಬಿಡಿ, ಒಳ್ಳೇದೇ.

ಮೊದಲ ಪರೀಕ್ಷೆ ಹೊಸಕೋಟೆ ಕೆರೆ. ಹಳೇ ಮದ್ರಾಸ್ ರಸ್ತೆಯಲ್ಲಿ ಬೆಳಿಗ್ಗೆ ಐದೂವರೆಗೆ ಹೊಸಕೋಟೆ ತಲುಪಿದರೆ ನಿಮ್ಮ ಜೊತೆ ಬಂದ ಕಾರುಗಳೆಲ್ಲ ದಮ್ ಬಿರಿಯಾನಿ ಸಾಲಿಗೆ ತಿರುಗುತ್ತವೆ. ನೀವೊಬ್ಬರೇ ಕೆರೆ ಕಡೆ. ಏರಿ ಮೇಲೆ ಇಬ್ಬನಿ, ನೀರಿನ ಮೇಲೆ ಹೊಗೆ ಥರ ಮಂಜು. ಬರಿಗಣ್ಣಿಗೆ ಕಪ್ಪು ಚುಕ್ಕೆಗಳು ಮಾತ್ರ. ಬೈನಾಕ್ಯುಲರ್ ಎತ್ತಿದೆ. ಚುಕ್ಕೆಗಳಿಗೆ ಕೊಕ್ಕು ಬಂತು, ಕತ್ತು ಬಂತು. ದುಡ್ಡು ಕೊಟ್ಟಿದ್ದು ಸಾರ್ಥಕ ಅನ್ನಿಸಿದ್ದು ಆ ಗಳಿಗೆಯಲ್ಲಿ. ಸೂರ್ಯ ಇನ್ನೂ ಹುಟ್ಟಿರಲಿಲ್ಲ.

ಇಲ್ಲೇ ಒಂದು ಮಾತು. ಕೆರೆಯಲ್ಲಿ ದೊಡ್ಡದಾಗಿ ಕಾಣುವ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ನೋಡಿ "ಸೈಬೀರಿಯಾದಿಂದ ಬಂದಿವೆ" ಅನ್ನುವವರು ಪ್ರತಿ ಏರಿ ಮೇಲೂ ಒಬ್ಬರು ಸಿಗುತ್ತಾರೆ. ಅವು ನಮ್ಮವೇ. ಕೊಕ್ಕರೆ ಬೆಳ್ಳೂರು, ರಂಗನತಿಟ್ಟಿನಂಥ ಕಡೆ ಗೂಡು ಕಟ್ಟಿ, ನೀರು ಇದ್ದಲ್ಲಿ ಸುತ್ತಾಡಿಕೊಂಡು ಇರುವಂಥವು. ನಿಜವಾಗಿ ದೂರದಿಂದ ಬಂದವು ಅವುಗಳ ಕಾಲಬುಡದಲ್ಲಿ, ಕಂದು ಬಣ್ಣದಲ್ಲಿ, ಯಾರ ಕಣ್ಣಿಗೂ ಬೀಳದೆ ಇರುತ್ತವೆ. ಅವನ್ನು ನೋಡೋಕೇ ಬೈನಾಕ್ಯುಲರ್ ಬೇಕಾಗಿದ್ದು.

ಬಾತುಗಳನ್ನೇ ತಗೊಳ್ಳಿ. ಅಕ್ಟೋಬರ್‌ಗೆ ಮೊದಲು ಬರುವವರ ಪೈಕಿ ಬಿಳಿ ಹುಬ್ಬಿನ ಬಾತು, ಇಂಗ್ಲಿಷಿನವರ ಗಾರ್ಗನಿ. ಪುಸ್ತಕದ ಚಿತ್ರದಲ್ಲಿ ಗಂಡಿನ ಕಣ್ಣಿನ ಮೇಲೆ ಸುಣ್ಣ ಬಳಿದ ಹಾಗೆ ದಪ್ಪ ಬಿಳಿ ಗೆರೆ. ನಾನು ಒಂದು ಗಂಟೆ ಆ ಗೆರೆ ಹುಡುಕಿದೆ. ಮೂವತ್ತು ಬಾತುಗಳಲ್ಲಿ ಒಂದಕ್ಕೂ ಇಲ್ಲ. ಎಲ್ಲ ಹೆಣ್ಣೇ ಬಂದಿವೆಯಾ ಅಂದುಕೊಂಡೆ. ಮನೆಗೆ ಬಂದು ಓದಿದ ಮೇಲೆ ಗೊತ್ತಾಯಿತು, ಮರಿ ಮಾಡುವ ಕಾಲ ಮುಗಿದ ಮೇಲೆ ಗಂಡು ಬಾತುಗಳು ಬಣ್ಣದ ಗರಿ ಉದುರಿಸಿ ಹೆಣ್ಣಿನ ಹಾಗೇ ಕಂದಾಗುತ್ತವೆ, ಹೊಸ ಗರಿ ಬರೋಕೆ ತಿಂಗಳುಗಳು ಬೇಕು, ಗಾರ್ಗನಿಯಂತೂ ಈ ವಿಷಯದಲ್ಲಿ ಬಹಳ ಸೋಮಾರಿ, ಜನವರಿ ಫೆಬ್ರವರಿ ಆದರೂ ಆದೀತು. ಮುಂದಿನ ವಾರ ಮತ್ತೆ ಹೋದೆ. ಈ ಸಲ ಗೆರೆ ಬಿಟ್ಟು ಮುಖ ನೋಡಿದೆ. ಕಣ್ಣಿನ ಮೂಲಕ ಹಾದು ಹೋಗುವ ಕಪ್ಪು ಗೆರೆ, ಅದರ ಕೆಳಗೆ ಇನ್ನೊಂದು ಮಸುಕು ಗೆರೆ, ಕೊಕ್ಕಿನ ಬುಡದಲ್ಲಿ ತಿಳಿ ಚುಕ್ಕೆ. ಪಟ್ಟೆ ಪಟ್ಟೆ ಮುಖ. ಐವತ್ತು ಅರವತ್ತು ಮೀಟರ್ ದೂರದಲ್ಲಿ ಇದು ಎಂಟರಲ್ಲಿ ಸ್ಪಷ್ಟ ಕಂಡಿತು. ನೂರು ದಾಟಿದರೆ ಊಹೆ. ಕೆರೆಯ ನಟ್ಟನಡುವೆ ಇದ್ದವಕ್ಕೆ ಟೆಲಿಸ್ಕೋಪ್ ಥರದ್ದೇ ಬೇಕು, ಅದರ ಬೆಲೆ ಕೇಳಿ ನಾನು ಬಾಯಿ ಮುಚ್ಚಿಕೊಂಡಿದ್ದೇನೆ.

ಹೊಸಕೋಟೆಯಲ್ಲೇ ಒಂದು ದೋಷವೂ ಸಿಕ್ಕಿತು. ಬಿಸಿಲು ಬಂದ ಮೇಲೆ ಬೆಳ್ಳಕ್ಕಿ ನೋಡಿದರೆ ಅದರ ಮೈಯ ಅಂಚಿಗೆ ನೇರಳೆ ಬಣ್ಣದ ಜರಿ. ಬಿಳಿ ಹಕ್ಕಿ, ಹಿಂದೆ ಕಪ್ಪು ನೀರು, ಇಂಥ ಕಡೆ ಅಗ್ಗದ ಗಾಜು ಬಣ್ಣ ಬಿಡುತ್ತದೆ. ಲಕ್ಷ ರೂಪಾಯಿಯವುಗಳಲ್ಲಿ ಇದು ತೀರಾ ಕಮ್ಮಿ. ಕಂದು ಹಕ್ಕಿಗಳಲ್ಲಿ ನನಗೆ ತೊಂದರೆ ಕಾಣಲಿಲ್ಲ, ಹಾಗಾಗಿ ಕ್ಷಮಿಸಿದ್ದೇನೆ.

ಎರಡನೇ ಪರೀಕ್ಷೆ ಹೆಂಡತಿಯ ತವರಲ್ಲಿ, ದೇವನಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಮನೆ ಹಿಂದೆ ದೊಡ್ಡ ಹುಣಸೆಮರ, ಆಚೆ ರಾಗಿ ಹೊಲ, ಅದರಾಚೆ ಕೆರೆ. ಹುಣಸೆಮರದಲ್ಲಿ ಒಂದು ಉಲಿಯಕ್ಕಿ ಬೆಳಿಗ್ಗೆಯಿಂದ "ಚಿಲ್ವಿ, ಚಿಲ್ವಿ" ಅನ್ನುತ್ತಿತ್ತು. ಮೊಬೈಲ್‌ನ ಕೂಗು ಕೇಳಿ ಹಕ್ಕಿ ಗುರುತಿಸುವ ಮರ್ಲಿನ್ ಆ್ಯಪ್ ಗ್ರೀನಿಶ್ ವಾರ್ಬ್ಲರ್ ಅಂತ ಹೇಳಿತು. ಆ್ಯಪ್ ಹೇಳಿದ್ದಕ್ಕೆ ಟಿಕ್ ಹಾಕಿಕೊಂಡು ಹೋಗುವವರು ಇದ್ದಾರೆ. ನನಗೆ ಕಣ್ಣಲ್ಲಿ ನೋಡದೆ ಸಮಾಧಾನ ಇಲ್ಲ. ಹುಣಸೆ ಎಲೆಯಷ್ಟೇ ಹಸಿರು, ಒಂದು ಐದು ರೂಪಾಯಿ ನಾಣ್ಯದ ತೂಕದ ಹಕ್ಕಿ, ಒಂದು ಕಡೆ ಎರಡು ಸೆಕೆಂಡ್ ನಿಲ್ಲುವುದಿಲ್ಲ. ಇಷ್ಟು ಚಿಕ್ಕದು ಹಿಮಾಲಯದಿಂದ, ಅದರಾಚೆಯಿಂದಲೂ ಹಾರಿ ಬರುತ್ತದೆ ಅಂದರೆ ಮಾವನವರು ನಂಬಲೇ ಇಲ್ಲ.

ಇಲ್ಲಿ ಎಂಟರ ಗುಣ ಗೊತ್ತಾಯಿತು. ಸಾವಿರ ಮೀಟರ್ ದೂರದಲ್ಲಿ ಇದರಲ್ಲಿ 129 ಮೀಟರ್ ಅಗಲ ಕಾಣುತ್ತದೆ, ಡಬ್ಬಿ ಮೇಲೆ ಬರೆದಿದೆ. ಹತ್ತಿರದ ಮರದಲ್ಲಿ ಅದರ ಅರ್ಥ ಏನಂದರೆ ಒಂದು ಇಡೀ ಕೊಂಬೆ ಒಳಗೆ ಬರುತ್ತದೆ. ಹಕ್ಕಿ ಹಾರಿದರೂ ಆ ಚೌಕಟ್ಟಿನೊಳಗೇ ಇರುತ್ತದೆ. ಕಣ್ಣನ್ನು ಮರದಿಂದ ತೆಗೆಯದೆ ಬೈನಾಕ್ಯುಲರನ್ನು ಕಣ್ಣಿಗೆ ತರಬೇಕು, ಇದು ಅಭ್ಯಾಸ. ಮೂರನೇ ದಿನಕ್ಕೆ ಕೈ ಕುದುರಿತು. ರೆಕ್ಕೆ ಮೇಲೆ ಒಂದು ಸಣ್ಣ ತಿಳಿ ಗೆರೆ, ಕಣ್ಣಿನ ಮೇಲೆ ಉದ್ದ ಹುಬ್ಬು, ಎರಡೂ ಕಂಡಿತು. ಕುತ್ತಿಗೆ ಮಾತ್ರ ಎರಡು ದಿನ ಹಿಡಿದುಕೊಂಡಿತ್ತು.

ಮಾವನವರ ಕೈಗೆ ಕೊಟ್ಟೆ. ಹುಣಸೆಮರ ಬಿಟ್ಟು ಸೀದಾ ರಾಗಿ ಹೊಲದ ಕಡೆ ತಿರುಗಿಸಿದರು. "ಅಲ್ನೋಡು, ಅವನ ಎಮ್ಮೆ ನಮ್ಮ ಬದುವಿನ ಮೇಲೇ ಮೇಯ್ತಿದೆ, ದಿನಾ ಇಲ್ಲ ಇಲ್ಲ ಅಂತಾನೆ." ಅವತ್ತಿಂದ ಅವರ ಪ್ರಕಾರ ಇದು ಒಳ್ಳೇ ಸಾಮಾನು.

ಕೆರೆ ಕಡೆ ಹೋದಾಗ ಬೇರೆಯದೇ ಆಯಿತು. ನಾನು ಏರಿ ಮೇಲೆ ಕೂತು ನೋಡುವುದು, ನೋಟ್‌ಬುಕ್‌ನಲ್ಲಿ ಬರೆಯುವುದು, ಮತ್ತೆ ನೋಡುವುದು. ಅರ್ಧ ಗಂಟೆಯಲ್ಲಿ ಇಬ್ಬರು ಬೈಕಲ್ಲಿ ಬಂದರು. "ಯಾವ ಡಿಪಾರ್ಟ್‌ಮೆಂಟ್ ಸಾರ್? ಸರ್ವೇನಾ?" ತಮಾಷೆಗೆ ಕೇಳಿದ್ದಲ್ಲ. ಪಕ್ಕದ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಭೂಸ್ವಾಧೀನದ ವಿರುದ್ಧ ರೈತರು ವರ್ಷಗಟ್ಟಲೆ ಧರಣಿ ಕೂತು, 2025ರ ಜುಲೈನಲ್ಲಿ ಸರ್ಕಾರ ಕೈಬಿಟ್ಟಿದ್ದು ನಿಮಗೂ ನೆನಪಿರಬಹುದು. ಆ ಕಡೆ ಕೊರಳಿಗೆ ಬೈನಾಕ್ಯುಲರ್ ಹಾಕಿಕೊಂಡು ಬರೆಯುವವನನ್ನು ಕಂಡರೆ ಅನುಮಾನ ಬರದೆ ಇರುತ್ತದಾ? ಮಾವನವರ ಹೆಸರು ಹೇಳಿದೆ, ಬೈನಾಕ್ಯುಲರ್ ಕೊಟ್ಟೆ, ನೋಡಿದರು, ನಕ್ಕರು. ಹಳ್ಳಿ ಕೆರೆಗೆ ಹೋಗುವವರು ಮೊದಲು ಯಾರನ್ನಾದರೂ ಮಾತಾಡಿಸಿ ಆಮೇಲೆ ಬೈನಾಕ್ಯುಲರ್ ಎತ್ತಿ. ಡಬ್ಬಿಯೊಳಗಿನ ಕೈಪಿಡಿಯಲ್ಲಿ ಇದನ್ನು ಬರೆದಿರುವುದಿಲ್ಲ.

ಆ ಕೆರೆಯಲ್ಲಿ ನನಗೆ ಹಕ್ಕಿ ಕಮ್ಮಿ ಸಿಕ್ಕಿತು. ಕಾರಣ ಚಿತ್ತೆ ಮಳೆ. ಕೆರೆ ತುಂಬಿ ಕೋಡಿ ಹತ್ತಿರ ಬಂದಿತ್ತು. ಊರಿಗೆ ಖುಷಿ, ಗೊರವ ಅನ್ನುವ ಕೆಸರಿನ ಹಕ್ಕಿಗಳಿಗೆ ಕಷ್ಟ. ಅವಕ್ಕೆ ಬೇಕಾಗಿರುವುದು ಅಂಚಿನ ಕೆಸರು, ಬೆರಳು ಮುಳುಗುವಷ್ಟು ನೀರು. ತುಂಬಿದ ಕೆರೆಯಲ್ಲಿ ಅಂಚೇ ಇರುವುದಿಲ್ಲ. ವಾಪಸ್ ಬರುತ್ತಾ ತೂಬಿನ ಕೆಳಗೆ, ನೀರು ಸೋರಿ ನಿಂತ ಒಂದು ಗುಂಡಿಯಲ್ಲಿ ಎರಡು ಗೊರವ ಕಂಡವು. ಮೂವತ್ತು ಹೆಜ್ಜೆ ದೂರ. ಕೂತುಬಿಟ್ಟೆ. ಒಂದರ ಬೆನ್ನ ತುಂಬ ತಿಳಿ ಚುಕ್ಕೆ, ಹಳದಿ ಮಿಶ್ರಿತ ಕಾಲು, ಹುಬ್ಬು ಕಣ್ಣು ದಾಟಿ ಹಿಂದಕ್ಕೆ ಹೋಗಿದೆ. ಇದು ಗದ್ದೆಗೊರವ. ಇನ್ನೊಂದು ಕಪ್ಪಗೆ, ಹುಬ್ಬು ಕಣ್ಣಿನ ಮುಂದಕ್ಕೇ ನಿಂತಿದೆ. ಹಾರಿದಾಗ ಬಾಲದ ಬುಡ ಹಾಲಿನಷ್ಟು ಬಿಳಿ, ಗ್ರೀನ್ ಸ್ಯಾಂಡ್‌ಪೈಪರ್. ಅಷ್ಟು ಹತ್ತಿರದಿಂದ ಅವುಗಳ ಕೊಕ್ಕಿನ ತುದಿಗೆ ಅಂಟಿದ ಕೆಸರಿನ ಹನಿ ಕೂಡ ಕಾಣುತ್ತಿತ್ತು. ಪ್ರತಿ ಸಲ ಚುಚ್ಚಿ ತೆಗೆದಾಗ ಆ ಹನಿ ಬೀಳುತ್ತಿತ್ತು, ಮತ್ತೆ ಹೊಸದು. ನಲವತ್ತು ನಿಮಿಷ ಹಾಗೇ ಕೂತಿದ್ದೆ, ಎರಡು ಸಲ ಫೋನ್ ಬಂತು, ಎತ್ತಲಿಲ್ಲ.

ಹೆಸರಘಟ್ಟ ನಮ್ಮ ಮನೆಗೆ ಹತ್ತಿರ, ಅಲ್ಲಿಗೆ ಸಂಜೆ ಹೋಗಬೇಕು. ಐದು ಸಾವಿರ ಎಕರೆಗೂ ಜಾಸ್ತಿ ಇರುವ ಇಲ್ಲಿನ ಹುಲ್ಲುಗಾವಲನ್ನು ಸಂರಕ್ಷಣಾ ಮೀಸಲು ಮಾಡಲು 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿತು. ನವೆಂಬರ್‌ನಲ್ಲಿ ಕಝಾಕ್‌ಸ್ತಾನದ ಕಡೆಯ ಹುಲ್ಲುಗಾವಲಿನಿಂದ ಬರುವ ಹ್ಯಾರಿಯರ್‌ಗಳು, ಕನ್ನಡದಲ್ಲಿ ಸೆಳೆವ, ಹುಲ್ಲಿನ ಮೇಲೆ ತೀರಾ ಕೆಳಗೆ ತೇಲುತ್ತಾ ಮಿಡತೆ ಹುಡುಕುತ್ತವೆ. ರಾತ್ರಿ ಮಲಗುವುದೂ ಹುಲ್ಲಿನಲ್ಲೇ, ನೆಲದ ಮೇಲೆ. ಹದ್ದಿನ ಜಾತಿ ಮರ ಬಿಟ್ಟು ನೆಲದಲ್ಲಿ ಮಲಗುವುದು ನನಗೆ ಹೊಸ ಸುದ್ದಿ. ಐದೂಮುಕ್ಕಾಲಿಗೆ ಒಂದು ಹೆಣ್ಣು ಬಂತು. ಕಂದು ಮೈ, ಬಾಲದ ಬುಡದಲ್ಲಿ ಬಿಳಿ ಪಟ್ಟಿ. ಸೂರ್ಯ ಮುಳುಗುತ್ತಿದ್ದ. ಬರಿಗಣ್ಣಿಗೆ ಅದು ಹುಲ್ಲಲ್ಲಿ ಕರಗಿ ಹೋಯಿತು, ಗಾಜಿನಲ್ಲಿ ಇನ್ನೂ ಹತ್ತು ನಿಮಿಷ ಕಂಡಿತು. ಸೆಳೆವಗಳಲ್ಲೇ ಎರಡು ಜಾತಿ, ಇದು ಮಾಂಟೆಗೂನಾ ಪ್ಯಾಲಿಡ್ಡಾ ಅಂತ ಕೇಳಬೇಡಿ, ಹೆಣ್ಣುಗಳಲ್ಲಿ ಅದನ್ನು ಹೇಳೋಕೆ ನನಗೆ ಇನ್ನೂ ನಾಲ್ಕು ಚಳಿಗಾಲ ಬೇಕು. ಅದೇ ಹೊತ್ತಿಗೆ ದೊಡ್ಡ ಲೆನ್ಸಿನ ಇಬ್ಬರು ಫೋಟೋಗೆ ಅಂತ ಬೈಕನ್ನು ಹುಲ್ಲಿನ ಮೇಲೇ ಓಡಿಸಿ ಇನ್ನೊಂದು ಹಕ್ಕಿಯನ್ನು ಎಬ್ಬಿಸಿದರು. ಇಂಥವರಿಗೆ ಬೈನಾಕ್ಯುಲರ್ ಉಚಿತವಾಗಿ ಹಂಚಬೇಕು.

ಕನ್ನಡಕದವರಿಗೆ: ಕಣ್ಣು ಮತ್ತು ಗಾಜಿನ ನಡುವೆ 15 ಮಿಲಿಮೀಟರ್‌ಗಿಂತ ಜಾಸ್ತಿ ಅಂತರ ಕೊಡುವಂಥದ್ದೇ ತಗೊಳ್ಳಿ. ಇದರಲ್ಲಿ 17 ಇದೆ, ಕಣ್ಣಿನ ರಬ್ಬರ್ ಬಟ್ಟಲನ್ನು ಒಳಗೆ ತಿರುಗಿಸಿದರೆ ಕನ್ನಡಕ ತೆಗೆಯದೆ ಪೂರ್ತಿ ಚಿತ್ರ ಕಾಣುತ್ತದೆ. ತೂಕ 650 ಗ್ರಾಂ. ಜೊತೆಗೆ ಕೊಟ್ಟ ಪಟ್ಟಿ ಕತ್ತಿಗೆ ನೂಲಿನ ಹಾಗೆ ಕೊರೆಯುತ್ತದೆ, ಬಿಸಾಕಿ, ಭುಜಕ್ಕೆ ಹಾಕುವ ಹಾರ್ನೆಸ್ ತಗೊಳ್ಳಿ. ಮಳೆಯಲ್ಲಿ ಒಂದು ಸಲ ಪೂರ್ತಿ ನೆನೆದಿದೆ, ಒಳಗೆ ಮಂಜು ಕಟ್ಟಲಿಲ್ಲ. ಮುಂದಿನ ಗಾಜಿನ ಮುಚ್ಚಳ ಎರಡೂ ಮೊದಲ ವಾರವೇ ಹೊಸಕೋಟೆಯ ಪೊದೆಗೆ ಅರ್ಪಣೆ ಆಗಿವೆ. ಹತ್ತರದ್ದು, ಅಂದರೆ 10×42, ತಗೋಬೇಕಾ ಅಂತ ಕೇಳುವವರಿಗೆ: ಬರೀ ಕೆರೆ ಬಾತು ನೋಡುವವರಾದರೆ, ಕೈ ಗಟ್ಟಿಯಿದ್ದರೆ ತಗೊಳ್ಳಿ. ಮರದ ಹಕ್ಕಿಯೂ ಬೇಕಂದರೆ ಎಂಟೇ ಸಾಕು. ಗದಗದ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತು ನೋಡೋಕೆ ಹೋಗುವುದಾದರೂ ಎಂಟರಲ್ಲಿ ತಲೆಯ ಪಟ್ಟೆ ಎಣಿಸಬಹುದು, ಅವು ಅಷ್ಟು ದೊಡ್ಡವು.

ಒಂದೇ ದೊಡ್ಡ ಸಿಟ್ಟು ಆ ರಬ್ಬರ್ ಬಟ್ಟಲಿನ ಮೇಲೆ. ಕನ್ನಡಕ ಇಲ್ಲದವರಿಗೆ ಅದನ್ನು ಹೊರಗೆ ತಿರುಗಿಸಿ ನಿಲ್ಲಿಸಬೇಕು. ಬಲಗಡೆಯದು ನಿಲ್ಲುವುದಿಲ್ಲ, ಒತ್ತಿದರೆ ಕುಸಿಯುತ್ತದೆ. ಮಗಳು ನೋಡುವಾಗಲೆಲ್ಲ ಅರ್ಧ ಚಿತ್ರ ಕಪ್ಪು. ಮತ್ತೆ ಫೋನ್ ಮಾಡಿದೆ. ಮತ್ತೆ ವಿಡಿಯೋ. ಕೊನೆಗೆ ಮುಂದಿನ ಖರೀದಿಗೆ 200 ರೂಪಾಯಿ ಕೂಪನ್ ಕಳಿಸಿದರು. ಹಳ್ಳಿಯ ಸೈಕಲ್ ಅಂಗಡಿಯವನಿಗೆ ತೋರಿಸಿದೆ. ಅವನು ಏನೂ ಕೇಳಲಿಲ್ಲ, ಹಳೇ ಟ್ಯೂಬಿನಿಂದ ಬೆರಳಗಲದ ಉಂಗುರ ಕತ್ತರಿಸಿ, ಬಟ್ಟಲಿನ ಕೆಳಗೆ ಬಿಗಿಯಾಗಿ ಏರಿಸಿ, ತಾನೇ ಒಂದು ಸಲ ಕಣ್ಣಿಗಿಟ್ಟು ಬಸ್‌ಸ್ಟ್ಯಾಂಡ್ ಕಡೆ ನೋಡಿ, "ಬಸ್ ಬರ್ತಿದೆ, ಹೋಗಿ" ಅಂದ. ದುಡ್ಡು ತಗೊಳ್ಳಲಿಲ್ಲ. ಸ್ವಾತಿ ಮಳೆಯಿಂದ ಇವತ್ತಿನವರೆಗೆ ಆ ಬಟ್ಟಲು ಅಲ್ಲಾಡಿಲ್ಲ.